ದಾನವೋ, ದಂಡವೋ?



ಶ್ರಾವಣ ಕಾಲಿಟ್ಟಿತೆಂದರೆ ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಪುರಾಣ, ಸಪ್ತಾಹ, ಜೀರ್ಣೋದ್ಧಾರಗಳ ಸಡಗರ ಆರಂಭವಾಗುತ್ತದೆ. ಅದರ ಬೆನ್ನಿಗೇ ಪಾವತಿ ಪುಸ್ತಕ ಹಿಡಿದ ಪಂಚರೂ ಮನೆಬಾಗಿಲಿಗೆ ಬರುತ್ತಾರೆ. ದೇವಾಲಯಕ್ಕೆ ಕೊಡುವುದು ಹಿರಿಯರಿಂದ ಬಂದ ಸತ್ಸಂಪ್ರದಾಯ. ಆ ವಿಷಯದಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ಕೊಡುವವನ ಮನಸ್ಸು ಒಪ್ಪದೆ, ನಾಲ್ಕು ಜನರೆದುರಿನ ನಾಚಿಕೆಗೋ, ದೇವರು ಮುನಿದಾನೆಂಬ ಅಂಜಿಕೆಗೋ ತೆತ್ತ ಹಣವನ್ನು ದಾನವೆಂದು ಕರೆಯಬಹುದೆ? ಈ ತಿಂಗಳು ಈ ಪ್ರಶ್ನೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಈ ಒತ್ತಾಯ ಹೊಸದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಕನ್ನಡಿಗರು ತಲೆತಲಾಂತರದಿಂದ ಆಷಾಢ, ಕಾರ್ತಿಕ ಏಕಾದಶಿಗಳಿಗೆ ಹೋಗಿಬರುವ ಪಂಢರಪುರದ ಇತಿಹಾಸವೇ ಇದಕ್ಕೆ ಸಾಕ್ಷಿ. ಅಲ್ಲಿ ವಿಠ್ಠಲನ ಸೇವೆಯ ಹಕ್ಕು ಬಡವೇ ಎಂಬ ಮನೆತನದವರಿಗೂ, ರುಕ್ಮಿಣಿಯ ಸೇವೆಯ ಹಕ್ಕು ಉತ್ಪಾತ ಮನೆತನದವರಿಗೂ ವಂಶಪಾರಂಪರ್ಯವಾಗಿ ಸಂದಿದ್ದಿತು. ದೇವರ ಮುಂದೆ ಬೀಳುವ ಕಾಣಿಕೆಯನ್ನು ಪಡೆಯುವ ಅಧಿಕಾರವನ್ನು ಬಡವೇ ಮನೆತನದವರು ಲಿಲಾವಿಗೆ ಇಡುತ್ತಿದ್ದರು. ಹಣ ತೆತ್ತು ಅಧಿಕಾರ ಹಿಡಿದವನು ಆ ಹಣವನ್ನೂ ಮೇಲಿನ ಲಾಭವನ್ನೂ ಯಾತ್ರಿಕರಿಂದಲೇ ಪಡೆಯಬೇಕಷ್ಟೆ! ದೂರುಗಳು ಹೆಚ್ಚಲು ಮಹಾರಾಷ್ಟ್ರ ಸರ್ಕಾರವು 1968ರಲ್ಲಿ ನಾಡಕರ್ಣಿ ಆಯೋಗವನ್ನು ನೇಮಿಸಿತು. ತರುವಾಯ 1973ರಲ್ಲಿ ಪಂಢರಪುರ ದೇವಾಲಯಗಳ ಕಾಯಿದೆ ಬಂದಿತು. ವ್ಯಾಜ್ಯವು ದಶಕಗಳ ಕಾಲ ನಡೆಯಿತು. ಆಡಳಿತವು 1985ರಲ್ಲಿ ಸಮಿತಿಯ ಕೈಸೇರಿತು. 2014ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಡವೇ ಮನೆತನದವರ ಮೇಲ್ಮನವಿಯನ್ನು ತಳ್ಳಿಹಾಕಿದ ಮೇಲೆ ಆ ಹಕ್ಕುಗಳ ಕಥೆ ಮುಗಿಯಿತು.

ಒಂದು ಕ್ಷೇತ್ರದ ಹಕ್ಕನ್ನು ಕಾಯಿದೆ ತೆಗೆಯಬಲ್ಲದು. ಊರೂರಿನ ಪಾವತಿ ಪುಸ್ತಕದ ಒತ್ತಾಯಕ್ಕೆ ವಂಶವೂ ಇಲ್ಲ, ಸನದೂ ಇಲ್ಲ. ಅದನ್ನು ನಡೆಸುವವರು ನಾವೇ. ಇದು ಬರಿಯ ಮಾತಲ್ಲ. ನಮ್ಮದೇ ತಪ್ಪೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಊರಿನ ಗುಡಿಗೆ ಶಿಖರ ಕಟ್ಟಿಸಲು ಪಂಚರು ನಿಶ್ಚಯಿಸಿ, ಮನೆಗೆ 1,001 ರೂಪಾಯಿಯಂತೆ ಪಟ್ಟಿ ಹಾಕಿದರು. ಗುರುಗಳು ಸಂಗಡ ಬಂದರೆ ಯಾರೂ ಇಲ್ಲವೆನ್ನುವುದಿಲ್ಲವೆಂದು ನಮ್ಮನ್ನು ಕರೆದರು. ಆ ಮಾತು ನಮಗೆ ಗೌರವವೆಂದೇ ತೋರಿತು. ಪಾವತಿ ಪುಸ್ತಕ ಹಿಡಿದು ಓಣಿ ಓಣಿ ತಿರುಗಿದೆವು. ಕೊಟ್ಟವರ ಹೆಸರುಗಳನ್ನು ಪ್ರತಿ ಸಂಜೆ ಗುಡಿಯ ಧ್ವನಿವರ್ಧಕದಲ್ಲಿ ಓದಲಾಗುತ್ತಿತ್ತು. ಕೊಡದವರ ಹೆಸರುಗಳು ಓದದೆಯೇ ಊರಿಗೆ ತಿಳಿಯುತ್ತಿದ್ದವು.

ಕಬ್ಬು ಕಡಿಯುವ ಕೆಲಸಕ್ಕೆ ಹೋಗುವ ಒಬ್ಬಾತ ಹೊಸ್ತಿಲಲ್ಲಿ ನಿಂತು ನಮ್ಮ ಮುಖ ನೋಡಿದ. “ಗುರುಗಳ, ನೀವಽ ಬಂದ ಮ್ಯಾಲ ಇಲ್ಲ ಅನ್ನೂದು ಹ್ಯಾಂಗ್ರಿ?” ಎಂದು ಒಳಗೆ ಹೋಗಿ ಹಣ ತಂದಿಟ್ಟ. ನಾವು ಪಾವತಿ ಹರಿದು ಕೊಟ್ಟು, ದೇವರು ಒಳ್ಳೆಯದು ಮಾಡಲೆಂದು ಹರಸಿ ಮುಂದಿನ ಮನೆಗೆ ನಡೆದೆವು.

ದಸರೆ ಮುಗಿದು ಶಾಲೆ ತೆರೆದಾಗ ಆತನ ಮಗಳು, ಆರನೆಯ ಇಯತ್ತೆಯ ಜಾಣ ಹುಡುಗಿ, ಬರಲಿಲ್ಲ. ವಿಚಾರಿಸಲಾಗಿ, ತಂದೆತಾಯಿಗಳೊಡನೆ ಕಬ್ಬಿನ ಗ್ಯಾಂಗಿಗೆ ಹೋಗಿರುವಳೆಂದು ಆಕೆಯ ಅಜ್ಜಿ ಹೇಳಿದಳು. ಹುಡುಗಿಯನ್ನು ಅಜ್ಜಿಯ ಬಳಿ ಬಿಟ್ಟು ಹೋಗುವ ಯೋಚನೆ ಮೊದಲು ಅವರಿಗಿತ್ತಂತೆ. ಇಬ್ಬರ ಹೊಟ್ಟೆಗೆಂದು ತೆಗೆದಿರಿಸಿದ್ದ ಜೋಳದ ಹಣವೇ ನಮ್ಮ ಪಾವತಿಗೆ ಬಂದಿತ್ತು. ಅಜ್ಜಿ ಇದನ್ನು ದೂರಿನಂತೆ ಹೇಳಲಿಲ್ಲ. ದೇವರ ಕೆಲಸಕ್ಕೆ ಕೊಟ್ಟೆವೆಂದೇ ಹೇಳಿದಳು. ನಮಗೆ ಮಾತ್ರ ತಲೆಯೆತ್ತಲಾಗಲಿಲ್ಲ. ಹುಡುಗಿ ಫಾಲ್ಗುಣದಲ್ಲಿ ಮರಳಿ ಬಂದಳು. ಕಳೆದುಹೋದ ಪಾಠಗಳು ಬರಲಿಲ್ಲ. ಶಿಖರವೂ ಎದ್ದು ನಿಂತಿತು. ಅಲ್ಲಿನ ಅಮೃತಶಿಲೆಯ ಫಲಕದಲ್ಲಿ 5,001 ರೂಪಾಯಿಗೆ ಮೇಲ್ಪಟ್ಟು ಕೊಟ್ಟವರ ಹೆಸರುಗಳಿವೆ. ಆ ತಂದೆಯ ಹೆಸರಿಲ್ಲ.

ಅಂದಿನಿಂದ ನಾವು ಪಾವತಿ ಪುಸ್ತಕವನ್ನು ಮುಟ್ಟಿಲ್ಲ. ಪಂಚರೊಡನೆ ಮಾತನಾಡಿದಾಗ, ಒತ್ತಾಯವಿಲ್ಲದೆ ಶಿಖರ ಏಳುತ್ತದೆಯೇ ಎಂದು ಅವರು ಕೇಳಿದರು. ಪ್ರಶ್ನೆ ಸಹಜವಾದುದೇ. ಆದರೆ ಬಡವನ ಜೋಳವನ್ನು ಬಿಟ್ಟು ಏಳಲಾರದ ಶಿಖರವು ಇನ್ನೆರಡು ವರ್ಷ ತಡವಾಗಿ ಎದ್ದರೆ ದೇವರಿಗೆ ಕುಂದೇನು?

ಶರಣರ ಚರಿತೆಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ವಾಚಕರು ಬಲ್ಲರು. ಪತಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಆಕೆ ಕಳುಹಿಸಿದಳು. ದಾಸೋಹಕ್ಕೆಂದು ತಂದುದರಲ್ಲಿಯೂ ಸಲ್ಲದುದನ್ನು ಹಿಂದಿರುಗಿಸುವ ಧೈರ್ಯ ಆ ಬಡಮನೆಗೆ ಇದ್ದಿತು. ನಮ್ಮ ಪಂಚರಿಗೆ ಅದೇಕೆ ಇರಬಾರದು?

ಆದುದರಿಂದ ನಮ್ಮ ವಿನಂತಿ ಇಷ್ಟೆ. ಮನೆಗಿಷ್ಟೆಂಬ ಪಟ್ಟಿ ಬೇಡ. ಗುಡಿಯಲ್ಲಿ ಮುಚ್ಚಿದ ಪೆಟ್ಟಿಗೆಯೊಂದಿರಲಿ. ಧ್ವನಿವರ್ಧಕವು ಭಜನೆಗೆ ಮೀಸಲಾಗಲಿ. ಶಿಕ್ಷಕರು, ಊರ ಹಿರಿಯರು ತಮ್ಮ ಮುಖದಾಕ್ಷಿಣ್ಯವನ್ನು ವಸೂಲಿಗೆ ಬಳಸಗೊಡದಿರಲಿ. ಇನ್ನು ಕೊಡುವವರು ಲೆಕ್ಕ ಕೇಳಲು ಸಂಕೋಚಪಡಬೇಕಾಗಿಲ್ಲ. ನೋಂದಣಿಯಾದ ಸಾರ್ವಜನಿಕ ನ್ಯಾಸಗಳು ಲೆಕ್ಕವಿಡಬೇಕು, ಅದನ್ನು ತಪಾಸಣೆಗೆ ಒಪ್ಪಿಸಬೇಕು ಎಂದು ನಮ್ಮ ರಾಜ್ಯದಲ್ಲಿ 1950ರ ಕಾಯಿದೆಯೇ ವಿಧಿಸಿದೆ. ಲೆಕ್ಕ ಕೇಳುವುದು ಭಕ್ತಿಗೆ ಭಂಗವಲ್ಲ. ಇಲ್ಲದಾಗ ಇಲ್ಲವೆನ್ನುವುದೂ ಪಾಪವಲ್ಲ. ಮನೆಯ ಮಕ್ಕಳ ಅನ್ನ, ಅಕ್ಷರ ಎರಡನ್ನೂ ನಡೆಸಿ ಉಳಿದುದರಲ್ಲಿ, ಮನಸ್ಸು ಒಪ್ಪಿ ಕೊಟ್ಟ ಒಂದು ರೂಪಾಯಿ ದೇವರಿಗೆ ಸಾಕು.

ಈ ಶ್ರಾವಣದಲ್ಲಿ ಪಾವತಿ ಪುಸ್ತಕ ಹಿಡಿದು ಹೊರಡುವ ಬಂಧುಗಳು, ಯಾವುದಾದರೂ ಹೊಸ್ತಿಲಲ್ಲಿ ಮನೆಯ ಯಜಮಾನ ಒಂದು ಗಳಿಗೆ ಸುಮ್ಮನೆ ನಿಂತರೆ, ದಯವಿಟ್ಟು ಕೈಮುಗಿದು ಮುಂದೆ ನಡೆಯಿರಿ. ಅಂದು ನಾವು ಹಾಗೆ ನಡೆಯಲಿಲ್ಲ.