ಹತ್ತು ದಿನದ ಮಿಷನರಿಗಳು ನಮಗೆ ಬೇಡ

2021ರ ನವೆಂಬರ್ ಕೊನೆಯಲ್ಲಿ ಬೇಲೂರಿನ ಪ್ರಾರ್ಥನಾ ಮಂದಿರವೊಂದಕ್ಕೆ ಬಜರಂಗದಳದವರು ನುಗ್ಗಿದಾಗ ಒಳಗಿದ್ದ ಹೆಂಗಸರು ಹೆದರಿ ಓಡಲಿಲ್ಲ, ಎದುರು ನಿಂತು ಜಗಳವಾಡಿದರು. ಆ ವಿಡಿಯೊವನ್ನು ರಾಜ್ಯವೆಲ್ಲ ನೋಡಿತು. ನಾನು ಆ ಹೆಂಗಸರ ಪಕ್ಷ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಮಾತುಗಳನ್ನು ನುಗ್ಗಿದವರು ತಮ್ಮ ಜೋಳಿಗೆಗೆ ಹಾಕಿಕೊಳ್ಳಬಾರದು.

ನನ್ನ ತಕರಾರು ಇರುವುದು ರಜೆ ಹಾಕಿ ವಿಮಾನ ಹತ್ತುವ ಮಿಷನರಿಗಳ ಮೇಲೆ. ಅಮೆರಿಕದ ಚರ್ಚುಗಳಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಮಂದಿ ಹೀಗೆ ಪರದೇಶಗಳಿಗೆ ಹೋಗುತ್ತಾರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ ಅಂದಾಜು ಮಾಡಿದ್ದರು. ಹತ್ತು ದಿನ, ಹೆಚ್ಚೆಂದರೆ ಎರಡು ವಾರ. ಗೋಡೆಗೆ ಬಣ್ಣ, ಮಕ್ಕಳಿಗೆ ಇಂಗ್ಲಿಷ್ ಹಾಡು, ಸ್ಕೂಲ್ ಬ್ಯಾಗು, ಫೋಟೊ. ಕೊನೆಯ ಒಂದೆರಡು ದಿನ ಊರು ನೋಡಲು ಮೀಸಲು. ನಮ್ಮ ಕಡೆಯಾದರೆ ಅದು ಬೇಲೂರು, ಹಳೇಬೀಡು. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ನಿಂತಷ್ಟು ಹೊತ್ತು ಪ್ಲಾಟ್‌ಫಾರಂಗೆ ಇಳಿದು ಅರಸೀಕೆರೆ ಕಂಡೆ ಎನ್ನುವವರ ಹಾಗೆ ಇವರ ಸೇವೆ.

ಈ ಸೇವೆಯ ಬಿಲ್ಲು ಯಾರ ಹೆಸರಿಗೆ ಬರುತ್ತದೆ? 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯನ್ನು ಓದಿ. ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆಯೂ ಇದೆ, ಧಾರ್ಮಿಕ ಸಂಸ್ಥೆಯ ಹೆಸರಾಂತ ಶಾಲೆಯಲ್ಲಿ ಉಚಿತ ಶಿಕ್ಷಣವೂ ಇದೆ. ಆಮಿಷ ಒಡ್ಡಿ ಮತಾಂತರ ಮಾಡಿದರೆ, ಯತ್ನಿಸಿದರೂ ಸರಿಯೆ, 3ರಿಂದ 5 ವರ್ಷ ಜೈಲು. ಮಹಿಳೆಯರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ 10 ವರ್ಷದವರೆಗೆ. ಹೀಗಿರುವಾಗ ಪರದೇಶದವರೊಬ್ಬರು ಕೇರಿಯ ಮಕ್ಕಳಿಗೆ ಬ್ಯಾಗು ಹಂಚುವ ಫೋಟೊ ದೂರು ಕೊಡಬೇಕೆಂದಿರುವವನಿಗೆ ಸಾಕಲ್ಲವೆ? ಹಂಚಿದವರು ಅಷ್ಟರಲ್ಲಿ ತಮ್ಮ ಮನೆ ಸೇರಿರುತ್ತಾರೆ. ಠಾಣೆಗೆ ಹೋಗಬೇಕಾದವರು ಇಲ್ಲಿಯ ಪಾಸ್ಟರ್, ಮತ್ತು ಭಾನುವಾರ ಬೆಳಿಗ್ಗೆ ಜಗಳಕ್ಕೆ ನಿಲ್ಲಬೇಕಾದ ಅದೇ ಹೆಂಗಸರು. ಕಾಯ್ದೆಯನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು, ನಿಜ. ಆದರೆ ಬೀದಿಯ ಸಂಶಯಕ್ಕೆ ಸಂಪುಟದ ಅಪ್ಪಣೆ ಬೇಕಿಲ್ಲ. ಪ್ರವಾಸಿ ವೀಸಾದಲ್ಲಿ ಬಂದು ಧರ್ಮಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಬೇರೆಯೇ ಇದೆ. ಸಿಕ್ಕಿಬಿದ್ದ ಅತಿಥಿಗೆ ಹೆಚ್ಚಾಗಿ ಆಗುವುದು ಗಡೀಪಾರು. ಇಲ್ಲಿಯವರನ್ನು ಎಲ್ಲಿಗೆ ಗಡೀಪಾರು ಮಾಡುತ್ತೀರಿ?

ಇನ್ನು ದುಡ್ಡು. ಟಿಕೆಟ್ಟು, ವೀಸಾ, ವಸತಿ ಎಲ್ಲ ಸೇರಿ ಒಬ್ಬರಿಗೆ ಎರಡು ಲಕ್ಷ ಎಂದು ಹಿಡಿಯಿರಿ. ಹದಿನೈದು ಜನರ ತಂಡಕ್ಕೆ ಮೂವತ್ತು ಲಕ್ಷ. ನಮ್ಮ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿಗೆ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಸಿಕ್ಕರೆ ದೊಡ್ಡದು. ಆ ಹಣದಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಜನ ಇಡೀ ವರ್ಷ ಪಾಠ ಮಾಡಬಹುದಿತ್ತು, ಅದೂ ಕನ್ನಡದಲ್ಲಿ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಚರ್ಚ್ ತಂಡಗಳು ಮನೆ ಕಟ್ಟಿದ್ದನ್ನು ಕರ್ಟ್ ವೆರ್ ಬೀಕ್ ಎಂಬ ಸಂಶೋಧಕರು ಪರಿಶೀಲಿಸಿದರು. ಅವರು ಕಂಡದ್ದೂ ಇದನ್ನೇ: ಸುಮಾರು 2,000 ಡಾಲರಿನ ಮನೆಗೆ ತಂಡ ಸುರಿದದ್ದು 30,000 ಡಾಲರ್. ಪ್ರವಾಸವಿಲ್ಲದಿದ್ದರೆ ಆ ಹಣವೂ ಬರುತ್ತಿರಲಿಲ್ಲ ಎಂಬ ವಾದವಿದೆ, ಒಪ್ಪೋಣ. ಹಾಗಾದರೆ ಅದು ನಮ್ಮ ಮಕ್ಕಳಿಗಾಗಿ ತೆಗೆದಿಟ್ಟ ಹಣವಲ್ಲ, ತಮ್ಮ ಅನುಭವಕ್ಕೆ ಕೊಟ್ಟ ಬೆಲೆ ಎಂದೂ ಒಪ್ಪಬೇಕಾಗುತ್ತದೆ. ಇಲ್ಲಿ ನಮ್ಮ ಸರ್ಕಾರದ್ದೂ ಪಾಲಿದೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನೋಂದಾಯಿತ ದೊಡ್ಡ ಸಂಸ್ಥೆ ತನಗೆ ಬಂದ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ಹಳ್ಳಿಯ ಚರ್ಚಿಗೆ ಲೆಕ್ಕ ಕೊಟ್ಟು ಹಣ ತರುವ ದಾರಿ ಮುಚ್ಚಿದೆ, ಬ್ಯಾಗು ಹೊತ್ತ ಪ್ರವಾಸಿಗೆ ತೆರೆದಿದೆ.

ಹಾಗೆಂದು ಹಾಸನ ಸೀಮೆ ಮಿಷನರಿಗಳನ್ನು ಅರಿಯದ ನೆಲವೇನಲ್ಲ. ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ 1792ರಲ್ಲಿ ಇಂಡಿಯಾಕ್ಕೆ ಬಂದವರು, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ವಾಪಸ್ ಹೊರಟದ್ದು 1823ರಲ್ಲಿ. ಇಲ್ಲಿಯವರಂತೆ ಉಟ್ಟು, ರುಮಾಲು ಸುತ್ತಿ, ಮಾಂಸ ಬಿಟ್ಟು ಬದುಕಿದರು. ಜನ ದೊಡ್ಡಸ್ವಾಮಿಯವರು ಎಂದು ಕರೆದರು. ಹಾಸನದ ಹತ್ತಿರ ಕ್ರೈಸ್ತ ಬೇಸಾಯಗಾರರ ಊರು ಕಟ್ಟಿಸಿದರು. 1803-04ರಲ್ಲಿ ಅವರ ಮೂಲಕ ಸಿಡುಬಿನ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲೆಯಿದೆ. ದೇವದೂತರೇನಲ್ಲ, ಅವರ ಪ್ರಸಿದ್ಧ ಪುಸ್ತಕದ ಬಹುಭಾಗ ಹಿಂದಿನ ಜೆಸ್ವಿಟ್ ಪಾದ್ರಿಯೊಬ್ಬರ ಹಸ್ತಪ್ರತಿಯಿಂದ ಎತ್ತಿದ್ದೆಂದು ವಿದ್ವಾಂಸರು ತೋರಿಸಿದ್ದಾರೆ. ಆದರೆ ಮೂವತ್ತೊಂದು ವರ್ಷ ಇದ್ದು ಹೋದ ಆ ಮನುಷ್ಯ 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಬರೆದದ್ದೇನು? ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ ಎಂದು! ಈ ಮಾತು ಮತಾಂತರದ ಭೂತ ತೋರಿಸುವವರಿಗೂ ಹತ್ತು ದಿನದವರಿಗೂ ಸಮನಾಗಿ ಇರುಸುಮುರುಸು ತರಬೇಕು.

ಹತ್ತು ದಿನದಲ್ಲಿ ಮುಗಿಯದ ಕೆಲಸಗಳು ಇನ್ನೂ ಇವೆ. 1853ರಲ್ಲಿ ಬಂದ ಮಿಷನರಿ ಕಿಟ್ಟೆಲ್ ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ವೆಸ್ಲಿಯನ್ ಮಿಷನ್ ಹಾಸನದಲ್ಲಿ ಕಟ್ಟಿದ ರೆಡ್‌ಫರ್ನ್ ಆಸ್ಪತ್ರೆ ನೂರು ವರ್ಷ ದಾಟಿದೆ. ಬಿ.ಪಿ., ಶುಗರ್ ಇರುವ ಅಜ್ಜಿಗೆ ಬೇಕಾದದ್ದು ಮುಂದಿನ ತಿಂಗಳೂ ಅದೇ ಜಾಗದಲ್ಲಿ ಸಿಗುವ ನರ್ಸಮ್ಮ, ಒಂದು ದಿನದ ಕ್ಯಾಂಪಿನಲ್ಲಿ ಕೈಗೆ ಬಿದ್ದ ಮಾತ್ರೆ ಪೊಟ್ಟಣವಲ್ಲ. ಇಲ್ಲಿಯ ವೈದ್ಯಕೀಯ ನೋಂದಣಿಯಿಲ್ಲದ ಪರದೇಶಿ ಡಾಕ್ಟರು ಆ ಪೊಟ್ಟಣ ಕೊಡುವುದೂ ಕಾನೂನಿಗೆ ವಿರುದ್ಧ.

ಈ ಚಾಳಿ ಚರ್ಚಿನದೊಂದೇ ಅಲ್ಲ. ನ್ಯೂಜೆರ್ಸಿಯ ನಮ್ಮ ಕನ್ನಡದ ಮನೆಗಳ ಮಕ್ಕಳೂ ಕಾಲೇಜು ಅರ್ಜಿಗೆ ಸೇವೆಯ ಸಾಲೊಂದು ಬೇಕೆಂದು ಅಜ್ಜಿಯ ಊರಿನ ಶಾಲೆಯಲ್ಲಿ ಎರಡು ವಾರ ಇಂಗ್ಲಿಷ್ ಕಲಿಸಿ ಹೋಗುತ್ತಾರೆ. ಬೆಂಗಳೂರಿನ ಕಂಪನಿಗಳು ಶನಿವಾರ ಬಂದು ಬಣ್ಣ ಬಳಿಯುತ್ತವೆ. ಹೋಗುವವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ, ಅವರು ಒಳ್ಳೆಯ ಮನಸ್ಸಿನಿಂದಲೇ ಹೊರಟಿರುತ್ತಾರೆ. ಬರಬೇಡಿ ಎನ್ನಬೇಕಾದವರು ಇಲ್ಲಿದ್ದಾರೆ: ಆಹ್ವಾನ ಪತ್ರ ಬರೆಯುವ ಚರ್ಚಿನ ಪಾಸ್ಟರೇಟ್ ಕಮಿಟಿಯವರು, ಸರ್ಟಿಫಿಕೇಟಿಗೆ ಸೀಲು ಒತ್ತುವ ಹೆಡ್‌ಮಾಸ್ತರರು. ಮುಂದಿನ ಬೇಸಿಗೆಯ ತಂಡಕ್ಕೆ ಪತ್ರ ಹೋಗುವ ಮೊದಲು ಕಮಿಟಿಯ ಸಭೆಗೆ ಜಗಳಕ್ಕೆ ನಿಲ್ಲಬೇಕಾದ ಆ ಹೆಂಗಸರನ್ನೂ ಕರೆದು ಒಂದು ಮಾತು ಕೇಳಲಿ.