ಬ್ಲಾಕಿನ ಮೇಲಿನ ನಂಬರು

ಹಳೇ ಪಿಕಪ್ಪಿಗೆ ಹೊಸ ಇಂಜಿನ್ ಕೂರಿಸಬಹುದೇ ಎಂದು ಕಳೆದ ಎರಡು ತಿಂಗಳಲ್ಲಿ ನನ್ನನ್ನು ಇಬ್ಬರು ಕೇಳಿದರು. ಇಬ್ಬರೂ ಒಂದೇ ಮನೆಯವರು, ಅಪ್ಪ ಮತ್ತು ಮಗ. ಗಾಡಿಯೂ ಒಂದೇ. ಬೇಕಾಗಿದ್ದ ಉತ್ತರ ಮಾತ್ರ ಬೇರೆ ಬೇರೆ.

ಅಪ್ಪ ಎಂದರೆ ನಮ್ಮ ವಿಠ್ಠಲವಾಡಿ, ಉಲ್ಹಾಸನಗರ, ಕಲ್ಯಾಣ ಕಡೆಯ ಕನ್ನಡಿಗರ ಮದುವೆ ಮುಂಜಿಗಳಿಗೆ ನಲವತ್ತು ವರ್ಷ ಅಡುಗೆ ಮಾಡಿದ ಭಟ್ಟರು. ಮಗ ನನ್ನ ಹಾಗೆಯೇ ಐಟಿಯವನು. ಏರೋಲಿಯಲ್ಲಿ ಆಫೀಸು, ಭಾನುವಾರ ಗಾಡಿ ಹುಚ್ಚು. ಗಾಡಿ ಮಹೀಂದ್ರಾ ಎಫ್‌ಸಿ-150, 1972ರದು. ಈ ಹೆಸರು ಕೇಳಿ ಗೊತ್ತಿಲ್ಲದವರು ಮೂತಿಯಿಲ್ಲದ ಜೀಪನ್ನು ಊಹಿಸಿಕೊಳ್ಳಿ. ಬಾನೆಟ್ ಇಲ್ಲ, ಗ್ಲಾಸಿನ ಕೆಳಗೆ ನೇರ ಚಪ್ಪಟೆ ಮುಖ, ಹಿಂದೆ ಸಾಮಾನು ಹಾಕುವ ತೊಟ್ಟಿ. ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಗೆ ಹೊರತಂದ ಗಾಡಿಯಿದು. ಅಲ್ಲಿ 1965ಕ್ಕೆ ಇದರ ತಯಾರಿಕೆ ನಿಂತಿತು. ನಮ್ಮಲ್ಲಿ ಮಹೀಂದ್ರಾದವರು ಆಮೇಲೂ ಮಾಡಿದರು. ಚಾಲಕ ಇಂಜಿನ್ನಿನ ಹಿಂದೆ ಕೂರುವುದಿಲ್ಲ, ಪಕ್ಕದಲ್ಲಿ ಕೂರುತ್ತಾನೆ. ಎರಡು ಸೀಟುಗಳ ನಡುವೆ ತಗಡಿನ ಪೆಟ್ಟಿಗೆ, ಅದರೊಳಗೆ ಇಂಜಿನ್. ಚಳಿಗಾಲದಲ್ಲಿ ಹಿತ, ಮೇ ತಿಂಗಳಲ್ಲಿ, ಭಟ್ಟರ ಮಾತಿನಲ್ಲಿ, "ಒಲೆಯನ್ನು ತೊಡೆ ಹತ್ತಿರ ಇಟ್ಟುಕೊಂಡ ಹಾಗೆ".

ಕಂಪನಿಯಿಂದ ಬಂದಾಗ ಅದರಲ್ಲಿದ್ದದ್ದು ಹರಿಕೇನ್ ಪೆಟ್ರೋಲ್ ಇಂಜಿನ್, 2199 ಸಿಸಿ. ನಮ್ಮೂರ ಕಡೆ ಜೀಪ್ ಎಂದರೆ ನೆನಪಾಗುವ ಆ ಎತ್ತರದ ಬಾನೆಟ್ಟಿನ ಸಿಜೆ-3ಬಿಯಲ್ಲೂ ಇದೇ ಇಂಜಿನ್. ಹಾಗೆ ನೋಡಿದರೆ ಆ ಬಾನೆಟ್ ಎತ್ತರವಾದದ್ದೇ ಇಂಜಿನ್ ಬದಲಾವಣೆಯಿಂದ. ಯುದ್ಧಕಾಲದ ಜೀಪಿನ ಇಂಜಿನ್ನಿನಲ್ಲಿ ವಾಲ್ವ್‌ಗಳೆಲ್ಲ ಬ್ಲಾಕಿನ ಬದಿಯಲ್ಲಿದ್ದವು. ಹರಿಕೇನ್‌ನಲ್ಲಿ ಇನ್‌ಲೆಟ್ ವಾಲ್ವ್‌ಗಳನ್ನು ತಲೆಯ ಮೇಲೆ ಕೂರಿಸಿದರು, ಇಂಜಿನ್ ಎತ್ತರವಾಯಿತು, ಬಾನೆಟ್ಟನ್ನು ಎತ್ತಬೇಕಾಯಿತು. ಅಂದರೆ ಕಂಪನಿಯವರೇ ಹಳೇ ಗಾಡಿಗೆ ಹೊಸ ಇಂಜಿನ್ ತುರುಕಿದರು. ನಾವು ನೀವು ಮಾಡಿದರೆ ಮಾತ್ರ ಅದಕ್ಕೆ 'ಆಲ್ಟರೇಷನ್' ಎಂಬ ಹೆಸರು.

1973ರ ಕೊನೆಯಲ್ಲಿ ಅರಬ್ ದೇಶಗಳು ಕಚ್ಚಾ ತೈಲದ ಬೆಲೆ ಏರಿಸಿದವು. ನಾಲ್ಕೇ ತಿಂಗಳಲ್ಲಿ ಅದು ಸುಮಾರು ನಾಲ್ಕು ಪಟ್ಟಾಯಿತು. ಗಾಡಿ ತಂದು ಎರಡು ವರ್ಷವೂ ಆಗಿರಲಿಲ್ಲ. ಲೀಟರಿಗೆ ಆರು ಕಿಲೋಮೀಟರ್ ಕೊಡುವ ಪೆಟ್ರೋಲ್ ಗಾಡಿಯಲ್ಲಿ ಪಾತ್ರೆ, ಒಲೆ, ಅಕ್ಕಿ ಮೂಟೆ ಹೇರಿಕೊಂಡು ಡೊಂಬಿವಲಿ, ಅಂಬರ್‌ನಾಥ್ ಸುತ್ತಿದರೆ ಅಡುಗೆಯ ಲಾಭವೆಲ್ಲ ಟ್ಯಾಂಕಿಗೇ ಹೋಗುತ್ತಿತ್ತು. ದೇಶದ ತುಂಬ ಆಗ ಅದೇ ಕತೆ. ಅಂಬಾಸಡರ್, ಜೀಪು, ಹಳೇ ವ್ಯಾನು, ಕೈಗೆ ಸಿಕ್ಕ ಪೆಟ್ರೋಲ್ ಗಾಡಿಗೆಲ್ಲ ಡೀಸೆಲ್ ಇಂಜಿನ್ ಕೂರಿಸುವುದು ಒಂದು ಕಸುಬೇ ಆಯಿತು. ಮಲೆನಾಡಿನ ತೋಟಗಳ ಜೀಪುಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಭಟ್ಟರು 1983ರವರೆಗೆ ತಡೆದುಕೊಂಡರು. ಅಷ್ಟರಲ್ಲಿ ಇಗತ್‌ಪುರಿಯಲ್ಲಿ ಮಹೀಂದ್ರಾದ ಇಂಜಿನ್ ಕಾರ್ಖಾನೆ ಶುರುವಾಗಿ, ಫ್ರಾನ್ಸಿನ ಪ್ಯೂಜೊ ಕಂಪನಿಯ ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಇಂಜಿನ್ ಬರತೊಡಗಿತ್ತು. ನಾಲ್ಕು ಸಿಲಿಂಡರ್, 90 ಮಿ.ಮೀ. ಬೋರ್, ಹೆಸರಿನಲ್ಲೇ ಲೆಕ್ಕ ಇದೆ. 2112 ಸಿಸಿ, 62 ಕುದುರೆ ಶಕ್ತಿ. ಟ್ರ್ಯಾಕ್ಟರ್ ಇಂಜಿನ್ ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ನಿಧಾನಕ್ಕೆ ತಿರುಗುವ ಇಂಜಿನ್ನನ್ನು ಜೀಪಿನ ಗೇರಿಗೆ ಜೋಡಿಸಿದರೆ ಗಾಡಿ ಎಳೆಯುತ್ತದೆ, ಓಡುವುದಿಲ್ಲ. ಪ್ಯೂಜೊ ಹೆಚ್ಚುಕಡಿಮೆ ಪೆಟ್ರೋಲ್ ಇಂಜಿನ್ನಿನಷ್ಟೇ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಮುಟ್ಟಬೇಕಾಗಲಿಲ್ಲ.

ಬಾನೆಟ್ ಇರುವ ಜೀಪಿನಲ್ಲಿ ಇಂಜಿನ್ ಬದಲಿಸುವುದು ಸುಲಭ. ಚೈನ್ ಕಪ್ಪಿ ಕಟ್ಟಿ ಮೇಲಕ್ಕೆ ಎತ್ತಿದರಾಯಿತು. ಎಫ್‌ಸಿಯಲ್ಲಿ ಮೇಲೆ ಕ್ಯಾಬಿನ್ನಿನ ಸೂರು ಅಡ್ಡ. ಗಾಡಿಯ ಮುಂಭಾಗವನ್ನೇ ಮೇಲಕ್ಕೆತ್ತಿ ನಿಲ್ಲಿಸಿ, ಇಂಜಿನ್ನನ್ನು ಕೆಳಗಿನಿಂದ ಹೊರತೆಗೆದರಂತೆ. ಆಮೇಲೆ ನಿಜವಾದ ಕೆಲಸ. ಇಂಜಿನ್ನಿನ ಹಿಂಭಾಗದ ಬೋಲ್ಟಿನ ತೂತುಗಳಿಗೂ ಗೇರ್ ಬಾಕ್ಸಿನ ತೂತುಗಳಿಗೂ ತಾಳೆಯಾಗದಿದ್ದರೆ ನಡುವೆ ದಪ್ಪ ಕಬ್ಬಿಣದ ಪ್ಲೇಟೊಂದನ್ನು ಲೇತ್‌ನಲ್ಲಿ ಕಡೆಸಿ ಹಾಕಬೇಕು. ಆ ಪ್ಲೇಟಿನ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಗೇರ್ ಬಾಕ್ಸಿನ ಶಾಫ್ಟು ಫ್ಲೈವೀಲಿನೊಳಗಿನ ಪುಟ್ಟ ಬೇರಿಂಗಿನಲ್ಲಿ ವಾರೆಯಾಗಿ ಕೂರುತ್ತದೆ. ಮೊದಲ ತಿಂಗಳು ಸದ್ದು, ಮೂರನೇ ತಿಂಗಳು ಕ್ಲಚ್ ಹೋಯಿತು, ಆರನೇ ತಿಂಗಳು ಬೇರಿಂಗ್ ಪುಡಿ. ಇಂಜಿನ್ ಕೂರಿಸಿದ್ದೇ ದೊಡ್ಡ ಕೆಲಸವೆಂದು ಹೊರಗಿನವರು ತಿಳಿದಿರುತ್ತಾರೆ. ಗ್ಯಾರೇಜಿನವರು ನೋಡುವುದು ಆ ಪ್ಲೇಟನ್ನು.

ಆ ಕೆಲಸ ಮಾಡಿದ ಮಿಸ್ತ್ರಿ ಈಗಿಲ್ಲ. ಅವರು ಹಾಕಿದ ಪ್ಲೇಟ್ ಇದೆ, ನಲವತ್ತು ವರ್ಷ ಕಳೆದರೂ ಕ್ಲಚ್ ಬಿಟ್ಟು ಬೇರೇನನ್ನೂ ಬದಲಿಸಬೇಕಾಗಲಿಲ್ಲ. ಇಂಜಿನ್ ಬದಲಿಸಿದ ಮೇಲೆ ಭಟ್ಟರು ಆರ್‌ಟಿಒಗೆ ಅರ್ಜಿ ಹಾಕಿ, ಗಾಡಿ ತೋರಿಸಿ, ಆರ್‌ಸಿ ಬುಕ್ಕಿನಲ್ಲಿ ಹೊಸ ಇಂಜಿನ್ ನಂಬರನ್ನೂ ಡೀಸೆಲ್ ಎಂಬುದನ್ನೂ ಬರೆಸಿಕೊಂಡರು. ಆಗ ಇದ್ದದ್ದು 1939ರ ಮೋಟಾರು ವಾಹನ ಕಾಯ್ದೆ. ಗಾಡಿಯಲ್ಲಿ ಬದಲಾವಣೆ ಮಾಡಿದರೆ ತಿಳಿಸು, ದಾಖಲಿಸು ಎಂಬುದು ಅದರ ಧೋರಣೆ. ಆ ಆರ್‌ಸಿ ಪುಸ್ತಕವನ್ನು ನಾನು ನೋಡಿದೆ. ಹಳೇ ನಂಬರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಮೇಲೆ ನೀಲಿಯಲ್ಲಿ ಹೊಸದನ್ನು ಬರೆದು ಸಹಿ ಮಾಡಿದ್ದಾರೆ. ಎರಡು ಹೆಣ್ಣುಮಕ್ಕಳ ಮದುವೆ, ಮಗನ ಇಂಜಿನಿಯರಿಂಗ್ ಫೀಸು, ಎಲ್ಲ ಆ ನೀಲಿ ನಂಬರಿನ ದುಡಿಮೆ. 2005ರ ಜುಲೈ 26ರಂದು ವಾಲಧುನಿ ಉಕ್ಕಿ ನಮ್ಮ ಕಡೆಯೆಲ್ಲ ಮುಳುಗಿದಾಗ, ಸಂಜೆ ಬಾಡಿಗೆಯಿಂದ ಹಿಂದಿರುಗುತ್ತಿದ್ದ ಈ ಗಾಡಿ ಸೊಂಟದ ನೀರಿನಲ್ಲೂ ನಿಲ್ಲಲಿಲ್ಲವಂತೆ. ಹಳೇ ಡೀಸೆಲ್ಲಿಗೆ ಕಿಡಿ ಬೇಕಾಗಿಲ್ಲ. ಮೂಗಿಗೆ ನೀರು ಹೋಗದಿದ್ದರೆ ಸಾಕು.

ಹತ್ತು ವರ್ಷದಿಂದ ಗಾಡಿ ಶೆಡ್ಡಿನಲ್ಲಿ ನಿಂತಿದೆ. ಸಿಲಿಂಡರ್ ಹೆಡ್ ಬಿರುಕು ಬಿಟ್ಟಿದೆ. ಭಟ್ಟರಿಗೆ ಎಪ್ಪತ್ತೆಂಟು, ಮತ್ತೊಮ್ಮೆ ಅದನ್ನು ಓಡಿಸಬೇಕೆಂಬ ಆಸೆ. ಮಗನ ಯೋಚನೆ ಬೇರೆ. ಸ್ಕಾರ್ಪಿಯೊದ ಎಂಹಾಕ್ ಇಂಜಿನ್, 2.2 ಲೀಟರ್, 120 ಕುದುರೆ ಶಕ್ತಿ, ಕುರ್ಲಾದ ಗುಜರಿಯಲ್ಲಿ ಒಂದಿದೆ, ತಂದು ಕೂರಿಸೋಣ ಎನ್ನುತ್ತಾನೆ. ನನ್ನನ್ನು ಕರೆದದ್ದು ಅದಕ್ಕೇ. "ಇಂಜಿನ್ ಕೂರಿಸುವುದು ಮಿಸ್ತ್ರಿ ನೋಡಿಕೊಳ್ತಾರೆ, ಸಾಫ್ಟ್‌ವೇರ್ ನೀನು ನೋಡು."

ನೋಡಿದೆ. ಈ ಇಂಜಿನ್ನಿಗೆ ಇಸಿಯು ಎಂಬ ಮಿದುಳು ಇದೆ. ಆಕ್ಸಿಲರೇಟರಿಗೆ ಕೇಬಲ್ ಇಲ್ಲ, ವೈರು. ಅದು ಕಾಲಿನ ಒತ್ತಡ ಎಷ್ಟೆಂದು ಕೇಳುತ್ತದೆ, ಗಾಡಿಯ ವೇಗ ಎಷ್ಟೆಂದು ಕೇಳುತ್ತದೆ, ಬೀಗದ ಕೈಯೊಳಗಿನ ಚಿಪ್ ನಮ್ಮದೇ ತಾನೇ ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಸ್ಟಾರ್ಟೇ ಆಗುವುದಿಲ್ಲ, ಆದರೂ ಕುಂಟುತ್ತದೆ. ದಾನಿ ಗಾಡಿಯ ಅರ್ಧ ವೈರಿಂಗ್ ತಂದು 1972ರ ತಗಡಿನೊಳಗೆ ಹೊಲಿಯಬೇಕು. ಅದೂ ಆಗುವ ಕೆಲಸವೇ. ಆದರೆ 62 ಕುದುರೆ ಇದ್ದ ಚಾಸಿಸ್‌ಗೆ 120 ಹಾಕಿದಾಗ ನಿಲ್ಲಿಸುವುದು ಹೇಗೆ? ನಾಲ್ಕೂ ಗಾಲಿಗೆ ಹಳೇ ಡ್ರಮ್ ಬ್ರೇಕು. ಭಾರವೆಲ್ಲ ಮುಂದೆ, ತೊಟ್ಟಿ ಖಾಲಿ. ಮಳೆಗಾಲದ ಶೀಲ್ ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಮುಂದಕ್ಕೆ ಬಂದು ವಿಚಾರಿಸಿಕೊಳ್ಳುತ್ತದೆ.

ಇದಕ್ಕಿಂತ ದೊಡ್ಡ ಗೋಡೆ ಕಾನೂನಿನದು. 1988ರ ಕಾಯ್ದೆಯ 52ನೇ ಕಲಂ ಮೊದಲು ಹಳೆಯ ಧೋರಣೆಯಲ್ಲೇ ಇತ್ತು. 2000ದ ತಿದ್ದುಪಡಿಯ ನಂತರ, ತಯಾರಕರು ಮೂಲದಲ್ಲಿ ಹೇಳಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ ಎಂದಾಯಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಗೆ ಮಾನ್ಯತೆ ಪಡೆದ ಕಿಟ್ ಹಾಕಲು ದಾರಿ ಇದೆ. ಇಷ್ಟಬಂದ ಇಂಜಿನ್ ಕೂರಿಸಲು ಇಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿತು. ದಂಡ ಕಟ್ಟಿ ಬರಬಹುದು. ಅಪಘಾತವಾದರೆ ವಿಮೆಯವರು ಮೊದಲು ನೋಡುವುದೇ ಇಂಜಿನ್ ನಂಬರು.

ಸರಿ, ಐವತ್ತು ದಾಟಿದ ಗಾಡಿಯಲ್ಲವೇ, ವಿಂಟೇಜ್ ಮಾಡಿಸೋಣ ಎಂದ ಮಗ. 2021ರ ಜುಲೈಯಲ್ಲಿ ಅದಕ್ಕೆಂದೇ ನಿಯಮ ಬಂದಿದೆ. ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಗುರುತು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಊರ್ಜಿತ. ಷರತ್ತು ಓದುತ್ತಾ ಹೋದೆ. ಚಾಸಿಸ್, ಬಾಡಿ, ಇಂಜಿನ್ ಮೂಲ ರೂಪದಲ್ಲಿರಬೇಕು. ಅಂದರೆ ಪ್ಯೂಜೊ ತೆಗೆದು ಎಲ್ಲಿಂದಾದರೂ ಹರಿಕೇನ್ ತರಬೇಕು. ಅದನ್ನೂ ತರೋಣ ಎಂದರೆ ಇನ್ನೊಂದು ಸಾಲು: ಈ ಸವಲತ್ತು ದ್ವಿಚಕ್ರಕ್ಕೆ ಮತ್ತು ಎಂ1 ವರ್ಗದ ನಾಲ್ಕು ಚಕ್ರದ ಗಾಡಿಗಳಿಗೆ. ಎಂ1 ಎಂದರೆ ಜನ ಕೂರುವ ಕಾರು. ಸಾಮಾನು ಹೊರುವ ಪಿಕಪ್ಪು ಎನ್ ವರ್ಗ. ಅದಕ್ಕೆ ಎಷ್ಟು ವಯಸ್ಸಾದರೂ ವಿಂಟೇಜ್ ಆಗುವ ಯೋಗವಿಲ್ಲ.

ಇದು ನನಗೆ ಸರಿ ಕಾಣಲಿಲ್ಲ, ಹೇಳಿಬಿಡುತ್ತೇನೆ. ಯಾವುದೋ ಸಾಹುಕಾರರು ಶೆಡ್ಡಿನಲ್ಲಿ ಬಟ್ಟೆ ಹೊದಿಸಿಟ್ಟ ಕಾರು ಪರಂಪರೆ. ಐವತ್ತು ವರ್ಷ ಪಾತ್ರೆ ಹೊತ್ತ ಗಾಡಿ ಗುಜರಿ. ಬದಲಾಗದೆ ಉಳಿದದ್ದಷ್ಟೇ ಮೂಲ ಎನ್ನುವುದಾದರೆ ದುಡಿದ ಗಾಡಿ ಯಾವುದೂ ಮೂಲವಾಗಿ ಉಳಿದಿರುವುದಿಲ್ಲ. ರಸ್ತೆಯ ಸುರಕ್ಷತೆಗಾಗಿ 52ನೇ ಕಲಂ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಸ್ಕಾರ್ಪಿಯೊ ಇಂಜಿನ್ ಬೇಡ ಎಂದು ನಾನೂ ಹೇಳಿದೆ. ಆದರೆ ಸರ್ಕಾರವೇ ಸಹಿ ಹಾಕಿದ 1983ರ ಬದಲಾವಣೆಯೂ ಆ ಗಾಡಿಯ ಇತಿಹಾಸವಲ್ಲವೇ?

ಭಟ್ಟರಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ನಂಬರು ಎಲ್ಲಿ ಹೊಡೆದಿರ್ತಾರೆ ಮಾರಾಯ?"

"ಬ್ಲಾಕಿನ ಮೇಲೆ ಭಟ್ರೇ."

"ಒಡೆದದ್ದು ಹೆಡ್ಡು ಅಲ್ಲವಾ?"

ಅಲ್ಲಿಗೆ ದಾರಿ ಸಿಕ್ಕಿತು. ಬ್ಲಾಕ್ ಹಾಗೇ ಇರಲಿ, ಮಿಕ್ಕಿದ್ದೆಲ್ಲ ಹೊಸದು. ಲೈನರ್, ಪಿಸ್ಟನ್, ರಿಂಗು, ಬೇರಿಂಗ್, ಹೆಡ್. ಪ್ಯೂಜೊ ಇಂಜಿನ್ ಮಹೀಂದ್ರಾದ ಎಷ್ಟೋ ಜೀಪುಗಳಲ್ಲಿ ಬಂದಿದ್ದರಿಂದ ಸಾಮಾನು ಇನ್ನೂ ಸಿಗುತ್ತದೆ. ಹೆಡ್ ಮಾತ್ರ ಕುರ್ಲಾದಲ್ಲಿ ಮೂರು ಶನಿವಾರ ಅಲೆದ ಮೇಲೆ ಸಿಕ್ಕಿತು. ಗುಜರಿಯವನು ಸೀಮೆಎಣ್ಣೆ ಹಾಕಿ ಸೋರುವುದಿಲ್ಲವೆಂದು ತೋರಿಸಿ, ಆಮೇಲೆ ರೇಟು ಹೇಳಿದ. ಒಟ್ಟು ಖರ್ಚು ಎಂಹಾಕ್ ಯೋಜನೆಯ ಮೂರನೇ ಒಂದು ಭಾಗ. ದಾಖಲೆಯ ಪ್ರಕಾರ ಇದು ರಿಪೇರಿ. ಕೈಗೆ ಹತ್ತುವ ಗ್ರೀಸಿನ ಪ್ರಕಾರ ಹೊಸ ಇಂಜಿನ್.

ಮಗನಿಗೆ ಸ್ವಲ್ಪ ಬೇಸರ. ಡೀಸೆಲ್ಲೂ ಪೆಟ್ರೋಲೂ ಈಗ ಹತ್ತಿರ ಹತ್ತಿರದ ಬೆಲೆ. ಅಪ್ಪ ಡೀಸೆಲ್ ಹಾಕಿಸಿದ ಕಾರಣವೇ ಉಳಿದಿಲ್ಲ ಎಂದು ಅವನ ವಾದ. ನಿಜವೇ. 2014ರಲ್ಲಿ ಡೀಸೆಲ್ ಬೆಲೆಯ ಮೇಲಿನ ಹಿಡಿತವನ್ನು ಸರ್ಕಾರ ಬಿಟ್ಟ ಮೇಲೆ ಆ ಅಂತರ ಬಹಳ ಕರಗಿದೆ. ಭಟ್ಟರು ಉತ್ತರಿಸಲಿಲ್ಲ, ಎಲೆಯಡಿಕೆ ಹಾಕಿಕೊಂಡರು.

ಸದ್ಯ ಬ್ಲಾಕ್ ತೊಳೆದು ಬಂದಿದೆ. ಇಂಜೆಕ್ಷನ್ ಪಂಪು ಕ್ಯಾಲಿಬ್ರೇಷನ್‌ಗೆ ಹೋಗಿದೆ, ಇನ್ನು ಹತ್ತು ದಿನ. ಹಳೇ ಪ್ಲೇಟನ್ನು ಲೇತ್‌ನವನಿಗೆ ತೋರಿಸಿದೆವು. ಅಳತೆ ಹಿಡಿದು ನೋಡಿ, ಮುಟ್ಟಬೇಡಿ ಎಂದ. ಬ್ರೇಕ್ ಪೂರ್ತಿ ಹೊಸದು ಮಾಡಿಸದೆ ಗಾಡಿ ಶೆಡ್ಡಿನಿಂದ ಹೊರಗೆ ಹೋಗಬಾರದು ಎಂದು ನಾನು ಹಠ ಹಿಡಿದಿದ್ದೇನೆ. ಆಮೇಲೆ ಪಾಸಿಂಗ್. ಇಂಜಿನ್ ನಂಬರಿನ ಮೇಲಿನ ತುಕ್ಕನ್ನು ಮಗನೇ ಕೂತು ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೆಗೆದ. ಒಂದಂಕಿ ಮೂರೋ ಎಂಟೋ ಎಂದು ಅನುಮಾನವಿತ್ತು, ಆರ್‌ಸಿ ಬುಕ್ ತಂದು ಹೋಲಿಸಿದೆವು. ಎಂಟು.