ಮನೆಯ ಗ್ರಂಥಭಂಡಾರಕ್ಕೊಂದು ಗಣಕಸೂಚಿ: ಪುಣೆಯ ಕನ್ನಡಿಗರ ಸಂದರ್ಭದಲ್ಲಿ ಕೆಲವು ವಿಚಾರಗಳು

ಪುಸ್ತಕವನ್ನು ಕೊಳ್ಳುವುದು ಒಂದು ಸಂಸ್ಕಾರವಾದರೆ, ಕೊಂಡ ಪುಸ್ತಕದ ಲೆಕ್ಕವನ್ನು ಇಡುವುದು ಇನ್ನೊಂದು ಸಂಸ್ಕಾರ. ಮೊದಲನೆಯದು ಕನ್ನಡಿಗರಲ್ಲಿ ತಕ್ಕಮಟ್ಟಿಗೆ ಬೇರೂರಿದೆ. ಎರಡನೆಯದು ಬೇರೂರಿದೆಯೆಂದು ಹೇಳಲಾಗದು. ಬೆಳ್ಳಿಯ ಪಾತ್ರೆಗಳಿಗೆ ಪಟ್ಟಿ ಇರುವ ಮನೆಗಳಲ್ಲಿ ಕೂಡ ಕಪಾಟಿನ ಪುಸ್ತಕಗಳಿಗೆ ಪಟ್ಟಿ ಇರುವುದಿಲ್ಲ. ಈ ಕೊರತೆ ಕರ್ನಾಟಕದೊಳಗೆ ಕೇವಲ ಅನನುಕೂಲವೆನಿಸಬಹುದು. ಕರ್ನಾಟಕದ ಹೊರಗೆ, ಅದರಲ್ಲಿಯೂ ಪುಣೆಯಂಥ ನಗರದಲ್ಲಿ, ಅದು ಗ್ರಂಥಗಳ ಅಳಿವು ಉಳಿವಿನ ಪ್ರಶ್ನೆಯಾಗುತ್ತದೆ. ಮನೆಯಲ್ಲಿರುವ ಸಾಧಾರಣ ಗಣಕಯಂತ್ರವನ್ನೇ ಬಳಸಿ ಈ ಕೊರತೆಯನ್ನು ನೀಗಬಹುದೆಂಬುದೂ, ನೀಗಲೇಬೇಕೆಂಬುದೂ ಈ ಲೇಖನದ ಪ್ರತಿಪಾದನೆ.

ಪುಣೆಗೂ ಕನ್ನಡಕ್ಕೂ ಇರುವ ಸಂಬಂಧ ಇಂದಿನದಲ್ಲ. ಆಲೂರ ವೆಂಕಟರಾಯರು, ದ.ರಾ. ಬೇಂದ್ರೆಯವರು ಓದಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಕನ್ನಡದ ಏಕೀಕರಣದ ಕನಸು ಕಂಡ ಪೀಳಿಗೆಯ ಅನೇಕರಿಗೆ ಈ ಊರು ವಿದ್ಯೆಯ ಊರಾಗಿತ್ತು. ಮುಂದೆ ಸೈನ್ಯ, ರೈಲ್ವೆ, ಬ್ಯಾಂಕು, ಹೋಟೆಲು, ಕಾರ್ಖಾನೆಗಳ ದಾರಿಯಲ್ಲಿ, ಈಚೆಗೆ ಗಣಕೋದ್ಯಮದ ದಾರಿಯಲ್ಲಿ ಬಂದು ನೆಲಸಿದ ಕನ್ನಡಿಗರು ಸಂಘ ಕಟ್ಟಿದರು, ಶಾಲೆ ಕಟ್ಟಿದರು. ಪುಣೆಯಲ್ಲಿಯೇ ಇದ್ದು ಕನ್ನಡ ಕಾದಂಬರಿಗಳನ್ನು ಮರಾಠಿಗೆ ತಂದ ಉಮಾ ಕುಲಕರ್ಣಿಯವರಂಥ ಅನುವಾದಕರು ಈ ಸಂಬಂಧವನ್ನು ಜೀವಂತವಾಗಿರಿಸಿದ್ದಾರೆ. ಊರಿಗೆ ಹೋಗಿ ಬರುವಾಗಲೆಲ್ಲ ಧಾರವಾಡದಿಂದಲೋ ಬೆಂಗಳೂರಿನಿಂದಲೋ ನಾಲ್ಕು ಪುಸ್ತಕ ಹೊತ್ತು ತಂದವರು, 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯ ಪ್ರಕಟಣೆಗಳನ್ನು ಒಂದೊಂದಾಗಿ ಕೂಡಿಟ್ಟವರು ಹೊರನಾಡಿನಲ್ಲಿ ಕಡಿಮೆಯೇನಲ್ಲ. ಯಾವ ಸಾರ್ವಜನಿಕ ಗ್ರಂಥಾಲಯದ ನೆರವೂ ಇಲ್ಲದೆ ಹೀಗೆ ಬೆಳೆದ ಮನೆಯ ಸಂಗ್ರಹಗಳೇ ಹೊರನಾಡ ಕನ್ನಡದ ನಿಜವಾದ ಭಂಡಾರ.

ಈ ಭಂಡಾರದ ಗತಿಯೇನು? ಸಂಗ್ರಹಿಸಿದವರು ಕನ್ನಡದಲ್ಲಿ ಓದಿದವರು. ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ; ಶಾಲೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಕಲಿತಿದ್ದಾರೆ. ಮೊಮ್ಮಕ್ಕಳಲ್ಲಿ ಬಹಳ ಮಂದಿಗೆ ಕನ್ನಡ ಲಿಪಿಯೇ ತಿಳಿಯದು. ಹಿರಿಯರು ಕಾಲವಾದ ಮೇಲೆ, ಮನೆ ಬದಲಾಯಿಸುವ ಸಂದರ್ಭದಲ್ಲಿ, ಬೆನ್ನಿನ ಮೇಲಿನ ಹೆಸರನ್ನು ಓದಲಾರದ ವಾರಸುದಾರರ ಮುಂದೆ ಇನ್ನೂರು ಮುನ್ನೂರು ಪುಸ್ತಕಗಳು ಕೇವಲ ತೂಕದ ವಸ್ತುವಾಗಿ ನಿಲ್ಲುತ್ತವೆ. ರದ್ದಿಯವನ ತಕ್ಕಡಿಗೆ ಮೊದಲ ಮುದ್ರಣವೂ ಒಂದೇ, ಹಳೆಯ ಪಂಚಾಂಗವೂ ಒಂದೇ. ಇಲ್ಲಿ ವಾರಸುದಾರರನ್ನು ದೂರುವುದು ನ್ಯಾಯವಲ್ಲ. ಓದಲಾರದವರಿಗೆ ತಮ್ಮ ಕೈಯಲ್ಲಿರುವುದು ಏನೆಂದು ತಿಳಿಸುವ ಹೊಣೆ ಓದಬಲ್ಲವರದಾಗಿತ್ತು. ಆ ಹೊಣೆಯ ಹೆಸರೇ ಸೂಚಿ.

ಸೂಚಿಯ ಮಹತ್ತ್ವವನ್ನು ಕಲಿಯಲು ಪುಣೆಗಿಂತ ತಕ್ಕ ಸ್ಥಳ ದೊರೆಯಲಾರದು. 1917ರಲ್ಲಿ ಸ್ಥಾಪಿತವಾದ ಭಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಹಸ್ತಪ್ರತಿಗಳು ವಿದ್ವಾಂಸರಿಗೆ ಒದಗಿ ಬಂದದ್ದು ಅವುಗಳಿಗೆ ವಿವರಣಾತ್ಮಕ ಸೂಚಿಗಳು ಸಿದ್ಧವಾದುದರಿಂದ. ಅಲ್ಲಿ ಹಸ್ತಪ್ರತಿಗಳ ಪಾಲಕರಾಗಿದ್ದ ಪರಶುರಾಮ ಕೃಷ್ಣ ಗೋಡೆಯವರು ಸೂಚಿಯ ಕೆಲಸದಿಂದಲೇ ಕಾಲನಿರ್ಣಯದ ಸಂಶೋಧನೆಗೆ ಬೆಳೆದವರು. ಇದೇ ನಗರ ನಾಶವನ್ನೂ ಕಂಡಿದೆ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದಾಗ ಮುಠಾ ನದಿಯ ದಡದ ಪೇಟೆಗಳ ಮನೆಗಳಿಗೆ ನೀರು ನುಗ್ಗಿತು. 2004ರ ಜನವರಿ 5ರಂದು ಭಂಡಾರಕರ ಮಂದಿರದ ಮೇಲೆಯೇ ದಾಳಿ ನಡೆದು ಗ್ರಂಥಗಳು ನೆಲದ ಪಾಲಾದವು. ಸೂಚಿ ಪ್ರವಾಹವನ್ನು ತಡೆಯಲಾರದು, ದಾಳಿಯನ್ನೂ ತಡೆಯಲಾರದು. ಆದರೆ ಕಳೆದುಕೊಂಡದ್ದು ಏನೆಂಬುದನ್ನು ಅದು ಹೇಳಬಲ್ಲದು. ಕಳೆದದ್ದು ಏನೆಂದು ಬಲ್ಲವನು ಮಾತ್ರ ಅದನ್ನು ಮತ್ತೆ ಹುಡುಕಿಯಾನು.

ಇಷ್ಟಕ್ಕೆ ಗಣಕಯಂತ್ರವೇಕೆ, ಒಂದು ನೋಟುಬುಕ್ಕು ಸಾಲದೇ ಎಂಬ ಆಕ್ಷೇಪ ಸಹಜ. ಏನೂ ಇಲ್ಲದಿರುವುದಕ್ಕಿಂತ ನೋಟುಬುಕ್ಕು ಸಾವಿರ ಪಾಲು ಮೇಲು. ಆದರೆ ಅದರಲ್ಲಿ ಬರೆದ ಪಟ್ಟಿಗೆ ಒಂದೇ ಕ್ರಮ. ಕೊಂಡ ಕ್ರಮದಲ್ಲಿ ಬರೆದರೆ ಲೇಖಕನನ್ನು ಹುಡುಕಲಾಗದು. ಲೇಖಕನ ಕ್ರಮದಲ್ಲಿ ಬರೆದರೆ ನಾಳೆ ಬರುವ ಪುಸ್ತಕಕ್ಕೆ ಜಾಗವಿರದು. ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು 1931ರಲ್ಲಿ ಪ್ರಕಟವಾದ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳಲ್ಲಿ ಕೊನೆಯದು. ಓದುಗನ ವೇಳೆಯನ್ನು ಉಳಿಸಬೇಕೆಂಬುದು ನಾಲ್ಕನೆಯದು. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಕಾಗದದ ಪಟ್ಟಿಗೆ ಕಷ್ಟ, ಗಣಕದ ದತ್ತಸಂಚಯಕ್ಕೆ ಸುಲಭ. ಒಮ್ಮೆ ತುಂಬಿದ ವಿವರವನ್ನು ಅದು ಲೇಖಕ, ವಿಷಯ, ಪ್ರಕಾಶಕ, ವರ್ಷ ಹೀಗೆ ಬೇಕಾದ ಕ್ರಮದಲ್ಲಿ ಜೋಡಿಸಿ ಕೊಡುತ್ತದೆ. ದೊಡ್ಡ ಗ್ರಂಥಾಲಯಗಳಿಗೆಂದು ಯುನೆಸ್ಕೊ ಹಂಚಿದ ಸಿಡಿಎಸ್ ಐಸಿಸ್, 2000ದಲ್ಲಿ ನ್ಯೂಜಿಲೆಂಡಿನಿಂದ ಮುಕ್ತವಾಗಿ ಹೊರಬಂದ ಕೋಹಾ ಮೊದಲಾದ ತಂತ್ರಾಂಶಗಳಿವೆ. ಮನೆಗೆ ಅಷ್ಟು ಬೇಕಿಲ್ಲ. ಸಾಲು ಮತ್ತು ಅಂಕಣಗಳ ಒಂದು ಸರಳ ಕೋಷ್ಟಕ ಸಾಕು.

ಆದರೆ ಆ ಅಂಕಣಗಳನ್ನು ಕನ್ನಡದ ಸ್ವಭಾವಕ್ಕೆ ಅನುಗುಣವಾಗಿ ರೂಪಿಸುವುದು ಅವಶ್ಯ. ಇಂಗ್ಲಿಷ್ ಪುಸ್ತಕಕ್ಕೆ ಹೊಲಿದ ಅಂಗಿ ನಮ್ಮ ಪುಸ್ತಕಕ್ಕೆ ಹೊಂದುವುದಿಲ್ಲ. ಹೊಸ ಪುಸ್ತಕದ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಒತ್ತಿದರೆ ವಿವರವೆಲ್ಲ ತಾನಾಗಿ ಬರುವ ಸೌಕರ್ಯ ಈಗ ಇದೆ. ಆದರೆ ನಮ್ಮ ಹಳೆಯ ಸಂಗ್ರಹಗಳ ಬಹುಪಾಲು ಪುಸ್ತಕಗಳಿಗೆ ಆ ಸಂಖ್ಯೆಯೇ ಇಲ್ಲ. ಪುಟ ತೆರೆದು, ಓದಿ, ಕೈಯಾರೆ ತುಂಬಬೇಕು. ಲೇಖಕರ ಹೆಸರಿನಲ್ಲಿಯೂ ತೊಡಕಿದೆ. ಉತ್ತರ ಕರ್ನಾಟಕದ ಬೇಂದ್ರೆ, ಗೋಕಾಕ, ಮುಗಳಿ ಮನೆತನದ ಹೆಸರುಗಳು, ಬಿ.ಎಂ. ಶ್ರೀಕಂಠಯ್ಯ ಎಂಬಲ್ಲಿ ಕೊನೆಯಲ್ಲಿರುವುದು ಸ್ವಂತ ಹೆಸರು. ಇದರ ಮೇಲೆ ಕಾವ್ಯನಾಮ ಬೇರೆ. ಅಂಬಿಕಾತನಯದತ್ತರೂ ಬೇಂದ್ರೆಯವರೂ ಒಬ್ಬರೇ, ವಿನಾಯಕರೂ ಗೋಕಾಕರೂ ಒಬ್ಬರೇ, ರಸಿಕರಂಗರೂ ಮುಗಳಿಯವರೂ ಒಬ್ಬರೇ ಎಂಬುದು ನಮಗೆ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ, ಮೊಮ್ಮಗಳಿಗೂ ಗೊತ್ತಿಲ್ಲ. ಆದ್ದರಿಂದ ಪುಸ್ತಕದಲ್ಲಿ ಅಚ್ಚಾದ ಹೆಸರಿಗೆ ಒಂದು ಅಂಕಣ, ನಿಶ್ಚಿತ ಹೆಸರಿಗೆ ಇನ್ನೊಂದು ಅಂಕಣ ಇರತಕ್ಕದ್ದು. ಮುದ್ರಣದ ಆವೃತ್ತಿ, ಪ್ರಕಾಶಕ, ಊರು, ಇಸವಿ, ಕಪಾಟಿನ ಸ್ಥಾನ, ಎರವಲು ಒಯ್ದವರ ಹೆಸರು ಇಷ್ಟೂ ಅಗತ್ಯ. ಎಲ್ಲಕ್ಕಿಂತ ಮುಖ್ಯವಾದವು ಇನ್ನೆರಡು. ಮೊದಲನೆಯದು ಶೀರ್ಷಿಕೆಯ ರೋಮನ್ ಲಿಪ್ಯಂತರ, ಏಕೆಂದರೆ ಈ ಸೂಚಿಯನ್ನು ನಾಳೆ ತೆರೆಯುವವರು ಕನ್ನಡ ಲಿಪಿ ಬಲ್ಲವರಾಗಿರುತ್ತಾರೆಂಬ ಭರವಸೆಯಿಲ್ಲ. ಎರಡನೆಯದು ಪುಸ್ತಕ ಬಂದ ಬಗೆ: ಯಾರು ಕೊಟ್ಟದ್ದು, ಎಲ್ಲಿ ಕೊಂಡದ್ದು, ಯಾರ ಹಸ್ತಾಕ್ಷರವಿದೆ ಎಂಬ ಟಿಪ್ಪಣಿ. ಮುಖ್ಯ ಗ್ರಂಥಾಲಯಗಳಲ್ಲಿ ದೊರೆಯದ ಮಾಹಿತಿಯೆಂದರೆ ಇದೇ.

ಲಿಪಿಯ ಸಮಸ್ಯೆಯನ್ನು ಕುರಿತು ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಭಾರತೀಯ ಭಾಷೆಗಳಿಗೆ ಗಣಕದಲ್ಲಿ ಸ್ಥಾನ ದೊರಕಿಸಿದ ಪ್ರಯತ್ನಗಳಲ್ಲಿ ಪುಣೆಯಲ್ಲಿಯೇ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ ಪಾತ್ರ ಹಿರಿದು. 1991ರಲ್ಲಿ ಇಸ್ಕಿ ಎಂಬ ರಾಷ್ಟ್ರೀಯ ಸಂಕೇತಕ್ರಮ ಮಾನಕವಾಯಿತು; ಅದೇ ವರ್ಷ ಹೊರಬಂದ ಯೂನಿಕೋಡಿನಲ್ಲಿಯೂ ಕನ್ನಡಕ್ಕೆ ಎಡೆ ದೊರೆಯಿತು. ಆದರೂ ಬಹುಕಾಲ ನಮ್ಮ ಬರವಣಿಗೆ ಒಂದೊಂದು ತಂತ್ರಾಂಶದ ಒಂದೊಂದು ಅಕ್ಷರವಿನ್ಯಾಸಕ್ಕೆ ಅಂಟಿಕೊಂಡಿತ್ತು. ಆ ವಿನ್ಯಾಸ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಅರ್ಥಹೀನ ರಾಶಿ ಕಾಣುತ್ತದೆ. ಅಂಥ ಸೂಚಿಗಳಿದ್ದವರು ಅವನ್ನು ಕೂಡಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳಿತು. ಹೊಸದಾಗಿ ತೊಡಗುವವರು ಬೇರೆ ದಾರಿಯನ್ನು ಯೋಚಿಸಲೇಬಾರದು. ಅಲ್ಲಿಯೂ ಸಣ್ಣ ತೊಡಕುಗಳುಂಟು. ನಮ್ಮ ಅಕಾರಾದಿಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ; ಯೂನಿಕೋಡಿನ ಕೋಷ್ಟಕದಲ್ಲಿ ಲಕಾರದ ಬೆನ್ನಿಗೇ ಇದೆ. ಕೇವಲ ಸಂಕೇತಸಂಖ್ಯೆಯಂತೆ ಜೋಡಿಸುವ ತಂತ್ರಾಂಶದಲ್ಲಿ ಬಸವಣ್ಣನಿಗಿಂತ ಮೊದಲು ಬಳ್ಳಾರಿ ಬರುತ್ತದೆ. ಇದನ್ನು ತಿಳಿದಿದ್ದರೆ ಸಾಕು, ಪುಸ್ತಕ ಇಲ್ಲವೆಂದು ಗಾಬರಿಪಡಬೇಕಾಗಿಲ್ಲ. ತಂತ್ರಾಂಶಗಳು ಹುಟ್ಟುತ್ತವೆ, ಸಾಯುತ್ತವೆ. ಡಿಬೇಸ್ ಮತ್ತು ಫಾಕ್ಸ್‌ಪ್ರೊಗಳು ಒಂದು ಕಾಲಕ್ಕೆ ಮನೆಮಾತಾಗಿದ್ದವು. ಆದಕಾರಣ ಸೂಚಿಯ ಒಂದು ಪ್ರತಿಯನ್ನು ಯಾವ ಯಂತ್ರವೂ ಓದಬಲ್ಲ ಸರಳ ಪಠ್ಯರೂಪದಲ್ಲಿಯೂ, ಇನ್ನೊಂದನ್ನು ಕಾಗದದ ಮೇಲೆ ಮುದ್ರಿಸಿಯೂ ಇಡಬೇಕು. ಕಾಗದದ ಪ್ರತಿ ಕಪಾಟಿನಲ್ಲಿಯೇ ಇರಲಿ.

ಹೀಗೆ ಮನೆಮನೆಯಲ್ಲಿ ಸಿದ್ಧವಾದ ಸೂಚಿಗಳನ್ನು ಒಟ್ಟುಗೂಡಿಸಿದರೆ ಪುಣೆಯ ಕನ್ನಡ ಪುಸ್ತಕಗಳ ಒಂದು ಸಂಯುಕ್ತ ಸೂಚಿಯೇ ರೂಪುಗೊಳ್ಳುತ್ತದೆ. ಮನೆಯ ವಿಳಾಸವನ್ನು ಬಯಲು ಮಾಡಬೇಕಾಗಿಲ್ಲ. ಇಂಥ ಪುಸ್ತಕ ಈ ಊರಿನಲ್ಲಿದೆ ಎಂದು ತಿಳಿದರೆ ಸಾಕು, ಕೇಳುವವರನ್ನೂ ಕೊಡುವವರನ್ನೂ ಸಂಘ ಕೂಡಿಸಬಲ್ಲದು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳ ಕರ್ತವ್ಯವೂ ಇಲ್ಲಿಯೇ ಆರಂಭವಾಗುತ್ತದೆ. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಾಗಲೇ ಕನ್ನಡ ಸಾಹಿತ್ಯದ ವಿಸ್ತಾರ ನಮ್ಮ ಕಣ್ಣಿಗೆ ಬಿದ್ದದ್ದು. ನಮ್ಮ ಸಾಹಿತ್ಯಚರಿತ್ರೆಯ ಬುನಾದಿ ಪಟ್ಟಿ ಮಾಡುವ ತಾಳ್ಮೆಯ ಮೇಲೆ ನಿಂತಿದೆ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಹೊರನಾಡಿನ ಒಂದು ಮನೆಯ ಸಂಗ್ರಹಕ್ಕೆ ಕ್ರಮಬದ್ಧ ಸೂಚಿ ಮಾಡಿದರೆ ಅದನ್ನು ಪ್ರಬಂಧಕ್ಕೆ ಸಮನೆಂದು ಎಣಿಸಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪುಟ ತೆರೆದು ಆವೃತ್ತಿ ಗುರುತಿಸಲು ಕಲಿತವನು ಗ್ರಂಥಸಂಪಾದನೆಯ ಮೊದಲ ಪಾಠವನ್ನು ಕಲಿತಂತೆಯೇ.

ಕೆಲಸ ದೊಡ್ಡದೆಂದು ಅಂಜಬೇಕಾಗಿಲ್ಲ. ದಿನಕ್ಕೆ ಹತ್ತು ಪುಸ್ತಕಗಳಂತೆ ತುಂಬಿದರೆ ಮುನ್ನೂರು ಪುಸ್ತಕಗಳಿಗೆ ಒಂದು ತಿಂಗಳು ಸಾಕು. ಹಿರಿಯರು ಹೇಳುತ್ತ ಹೋಗಲಿ, ಕಿರಿಯರು ಒತ್ತುತ್ತ ಹೋಗಲಿ. ಲಿಪಿ ತಿಳಿಯದ ಕೈಗಳು ಆ ತಿಂಗಳಲ್ಲಿ ನಾಲ್ಕಕ್ಷರ ಕಲಿತರೆ ಅದು ಸೂಚಿಯಿಂದ ದೊರೆತ ಇನ್ನೊಂದು ಲಾಭ. ಕಲಿಯದಿದ್ದರೂ, ತಕ್ಕಡಿಯ ಮುಂದೆ ನಿಂತ ದಿನ ಅವರ ಕೈಯಲ್ಲಿ ಒಂದು ಪಟ್ಟಿಯಾದರೂ ಇರುತ್ತದೆ.